ಹಿಮಸಾರಂಗ ಪಾಲನೆ: ಸಾಮಿ ಜನರ ಪಾರಂಪರಿಕ ಜ್ಞಾನವೂ ಸರ್ಕಾರದ ನೀತಿಯೂ

ಯುರೋಪ್ ಖಂಡದ ಉತ್ತರದ ತುದಿಯಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರಭಾಗಗಳನ್ನೂ ರಷ್ಯದ ಕೋಲಾ ಪರ್ಯಾಯದ್ವೀಪವನ್ನೂ ವ್ಯಾಪಿಸಿರುವ, ಮೂಲನಿವಾಸಿಗಳಾದ ಸಾಮಿ ಜನರು ಸಾಪ್ಮಿ ಎಂದು ಕರೆಯುವ ಭೂಭಾಗದಲ್ಲಿ ಶತಮಾನಗಳಿಂದ ನಡೆದುಬಂದಿರುವ ಪಶುಪಾಲನಾ ವೃತ್ತಿ. ಹಿಮಸಾರಂಗವನ್ನು ಸಾಕುವವರು ಸಾಮಿಗಳು ಮಾತ್ರವೇ ಅಲ್ಲ. ಸೈಬೀರಿಯದ ನೆನೆತ್ಸ್, ಎವೆಂಕಿ, ಚುಕ್ಚಿ ಮೊದಲಾದವರನ್ನೂ ಮಂಗೋಲಿಯದ ದುಖಾ ಜನರನ್ನೂ ಕೂಡಿಸಿ ಇಪ್ಪತ್ತಕ್ಕೂ ಹೆಚ್ಚು ಜನಾಂಗಗಳು ಸುಮಾರು 25 ಲಕ್ಷ ಸಾಕುಸಾರಂಗಗಳನ್ನು ನಂಬಿ ಬಾಳುತ್ತಿವೆ. ಆದರೆ ಪಾಲಕನ ಅರಿವಿಗೂ ಪ್ರಭುತ್ವದ ಕಾನೂನಿಗೂ ನಡೆದ ವ್ಯವಹಾರವು ದೀರ್ಘಕಾಲದ ಲಿಖಿತ ದಾಖಲೆಗಳಲ್ಲಿ ಉಳಿದುಬಂದಿರುವುದು ವಿಶೇಷವಾಗಿ ಸಾಮಿಗಳ ವಿಷಯದಲ್ಲಿ. ಆದುದರಿಂದ ಪ್ರಸ್ತುತ ಲೇಖನದಲ್ಲಿ ನಾರ್ವೆ ಮತ್ತು ಸ್ವೀಡನ್‌ಗಳ ಸಂಗತಿಯೇ ಪ್ರಧಾನವಾಗಿದ್ದು, ಇತರ ದೇಶಗಳ ಪ್ರಸ್ತಾಪವು ಪ್ರಾಸಂಗಿಕವಾಗಿ ಬರುವುದು.

ಪ್ರಾಚೀನತೆ: ಕ್ರಿ. ಶ. 9ನೆಯ ಶತಮಾನದ ಅಂತ್ಯಭಾಗದಲ್ಲಿ ನಾರ್ವೆಯ ಹಾಲೊಗಾಲಂಡ್ ಸೀಮೆಯ ಓತ್ತಾರ್ ಎಂಬ ಧನಿಕನು ಇಂಗ್ಲೆಂಡಿನ ದೊರೆ ಆಲ್ಫ್ರೆಡನ ಆಸ್ಥಾನಕ್ಕೆ ಹೋಗಿ ತನ್ನ ನಾಡಿನ ವೃತ್ತಾಂತವನ್ನು ನಿವೇದಿಸಿದಾಗ, ತನ್ನಲ್ಲಿ ಪಳಗಿದ ಸಾರಂಗಗಳು 600 ಇರುವುವೆಂದೂ, ಅವುಗಳಲ್ಲಿ ಆರು ದೀಹದ ಸಾರಂಗಗಳೆಂದೂ, ಕಾಡುಸಾರಂಗಗಳನ್ನು ಸೆಳೆದು ಹಿಡಿಯಲು ನೆರವಾಗುವ ಆ ಆರಕ್ಕೆ ಸಾಮಿಗಳಲ್ಲಿ ಬಹಳ ಬೆಲೆಯೆಂದೂ ತಿಳಿಸಿದುದು ಬರಹದಲ್ಲಿ ಉಳಿದಿದೆ. ಬೇಟೆಯನ್ನೇ ಮುಖ್ಯವಾಗಿ ಅವಲಂಬಿಸಿ, ಸಾಮಾನು ಹೊರಲಿಕ್ಕೂ ಜಾರುಬಂಡಿ ಎಳೆಯಲಿಕ್ಕೂ ಕೆಲವೇ ಸಾರಂಗಗಳನ್ನು ಸಾಕಿಕೊಂಡಿದ್ದ ಜನರು, ಕಾಡುಹಿಂಡುಗಳು ಕ್ಷೀಣಿಸಿ ಕಪ್ಪದ ಭಾರವು ಹೆಚ್ಚಿದ ಹಾಗೆಲ್ಲ, 16 ಮತ್ತು 17ನೆಯ ಶತಮಾನಗಳ ಸುಮಾರಿಗೆ ದೊಡ್ಡ ಮಂದೆಗಳ ಪಾಲಕರಾಗಿ ಮಾರ್ಪಟ್ಟರೆಂದು ವಿದ್ವಾಂಸರ ಅಭಿಪ್ರಾಯ.

ಋತುಗತಿ: ಈ ವೃತ್ತಿಯನ್ನು ಅರಿಯಬೇಕಾದರೆ ಮೊದಲು ಸಾರಂಗದ ಆಹಾರವನ್ನು ಅರಿಯಬೇಕು. ಬೇಸಗೆಯಲ್ಲಿ ಅದು ಹಸುರು ಹುಲ್ಲನ್ನೂ ಬರ್ಚ್ ಮರದ ಎಳೆಯ ಎಲೆಗಳನ್ನೂ ಯಥೇಚ್ಛವಾಗಿ ಮೇಯ್ದು ಕೊಬ್ಬನ್ನು ಸಂಗ್ರಹಿಸಿಕೊಳ್ಳುವುದು. ಚಳಿಗಾಲದಲ್ಲಿ ಹಿಮದ ಹೊದಿಕೆಯನ್ನು ಗೊರಸಿನಿಂದ ಕೆದರಿ, ಅಡಿಯಲ್ಲಿರುವ ಕಲ್ಲುಹೂವಿನ ಜಾತಿಯ ಶಿಲಾವಲ್ಕವನ್ನು ತಿಂದು ಜೀವ ಹಿಡಿದಿರುವುದು. ನಮ್ಮ ಅಡುಗೆಮನೆಯ ಮಸಾಲೆಡಬ್ಬಿಯಲ್ಲಿ ಚಿಟಿಕೆಯಷ್ಟು ಇರುವ ಕಲ್ಲುಹೂವಿನ ದೂರದ ಬಂಧುವೇ ಅಲ್ಲಿ ಲಕ್ಷಾಂತರ ಪ್ರಾಣಿಗಳ ಚಳಿಗಾಲದ ಅನ್ನ. ಈ ಶಿಲಾವಲ್ಕವು ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಬೆಳೆಯತಕ್ಕದ್ದು. ಒಮ್ಮೆ ಬೋಳಾದ ನೆಲವು ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕು. ಬೇಸಗೆಯಲ್ಲಿ ಒಣಗಿ ಗರಿಗರಿಯಾಗಿರುವಾಗ ತುಳಿತಕ್ಕೆ ಸಿಕ್ಕರಂತೂ ತಿನ್ನುವುದಕ್ಕಿಂತ ಹೆಚ್ಚಾಗಿ ಪುಡಿಯಾಗಿ ಹಾಳಾಗುವುದು. ಆದಕಾರಣ ನಾರ್ವೆಯ ಫಿನ್ಮಾರ್ಕ್ ಪ್ರಾಂತದಲ್ಲಿ ಕೌಟೊಕೈನೊ, ಕರಾಶೋಕ್ ಊರುಗಳ ಸುತ್ತಣ ಒಳನಾಡಿನ ಪ್ರಸ್ಥಭೂಮಿಯನ್ನು ಚಳಿಗಾಲಕ್ಕೆಂದು ಕಾಯ್ದಿಟ್ಟು, ಏಪ್ರಿಲ್–ಮೇ ತಿಂಗಳುಗಳಲ್ಲಿ ಹಿಂಡುಗಳನ್ನು ಹೊರಡಿಸಿ ಸಮುದ್ರತೀರಕ್ಕೂ ದ್ವೀಪಗಳಿಗೂ ಒಯ್ಯುವ ಪದ್ಧತಿ ಬೆಳೆದುಬಂದಿತು. ಮಾಗೆರೋಯ ದ್ವೀಪಕ್ಕೆ ಹೋಗುವ ಹಿಂಡುಗಳಿಗೆ ವಸಂತದಲ್ಲಿ ದೋಣಿಯ ಸೌಕರ್ಯ ಉಂಟು, ಬಸುರಿ ಹೆಣ್ಣುಗಳೂ ಎಳೆಯ ಮರಿಗಳೂ ತಣ್ಣೀರಿನಲ್ಲಿ ಈಸಲಾರವೆಂಬುದೇ ಅದಕ್ಕೆ ಕಾರಣ. ಶರತ್ಕಾಲದಲ್ಲಿ ಕೊಬ್ಬಿ ಬಲಿತ ಅದೇ ಹಿಂಡು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಮೆಯ ಜಲಸಂಧಿಯನ್ನು ತಾನೇ ಈಸಿ ದಾಟುವುದು.

ಹಿಮಜ್ಞಾನ: ಸಾಮಿಗಳ ಭಾಷೆಯಲ್ಲಿ ಹಿಮಕ್ಕೆ ನೂರಾರು ಶಬ್ದಗಳಿವೆಯೆಂದು ಬೆರಗುಪಡುವ ಪ್ರವಾಸಿಗಳು ಆ ಶಬ್ದಗಳು ಯಾವ ಕಾರ್ಯಕ್ಕಾಗಿ ಹುಟ್ಟಿದುವೆಂಬುದನ್ನು ವಿಚಾರಿಸುವುದು ಅಪೂರ್ವ. ಪಾಲಕನು ಹಿಮವನ್ನು ವರ್ಣಿಸುವುದಕ್ಕಾಗಿ ನೋಡುವವನಲ್ಲ. ಅದರ ಅಡಿಯಲ್ಲಿರುವ ಮೇವಿಗೆ ಪ್ರಾಣಿಯ ಮೂತಿ ತಲಪುವುದೇ ಇಲ್ಲವೇ ಎಂಬುದೊಂದೇ ಅವನ ಪ್ರಶ್ನೆ. ಹೊಸ ನೆಲವೊಂದಕ್ಕೆ ಹಿಂಡನ್ನು ಹೊಡೆಯುವ ಮುನ್ನ ಹಿರಿಯನೊಬ್ಬನು ಮುಂದಾಗಿ ಹೋಗಿ, ಅಲ್ಲಲ್ಲಿ ಕೋಲನ್ನು ಹಿಮದೊಳಕ್ಕೆ ಊರಿ, ಅದು ಎಷ್ಟು ಪದರಗಳನ್ನು ಭೇದಿಸಿಕೊಂಡು ಇಳಿಯಿತು, ಎಲ್ಲಿ ತಡೆಯಿತು, ತಳವನ್ನು ಮುಟ್ಟಿದಾಗ ಯಾವ ಸದ್ದು ಕೇಳಿಸಿತು ಎಂಬುದನ್ನು ಗಮನಿಸುವನು. ತಳದಲ್ಲಿ ಸಕ್ಕರೆಯ ಹರಳುಗಳಂತೆ ಸಡಿಲವಾಗಿ ಉದುರುವ ಹಿಮವಿದ್ದರೆ ಸಾರಂಗವು ಸುಲಭವಾಗಿ ಕೆದರಬಲ್ಲುದು. ಇದಕ್ಕೆ ಸೆಅಂಗಾಶ್ ಎಂದು ಹೆಸರು. ಚಳಿಗಾಲದ ನಡುವೆ ಮಳೆ ಬಿದ್ದೋ ಹಿಮ ಕರಗಿಯೋ ನೀರು ತಳಕ್ಕಿಳಿದು ಮತ್ತೆ ಹೆಪ್ಪುಗಟ್ಟಿ ಶಿಲಾವಲ್ಕವನ್ನು ಮಂಜುಗಡ್ಡೆಯ ಬೀಗದೊಳಗೆ ಇರಿಸಿದರೆ ಅದು ಚುವೊಹ್ಕಿ. ಪಾಲಕನು ಅತ್ಯಂತ ಅಂಜುವುದು ಇದಕ್ಕೆ. ಮೇವಿನ ಪ್ರಾಪ್ಯತೆ, ಹಿಮದ ಸ್ಥಿತಿ, ಪ್ರಾಣಿಯ ದೇಹಬಲ ಇವು ಮೂರೂ ಕೂಡಿದ ಒಟ್ಟು ಅವಸ್ಥೆಯನ್ನು ಗುವೊಹ್ತುನ್ ಎನ್ನುವರು. ಹುಲ್ಲುಗಾವಲಿನ ವಿಸ್ತೀರ್ಣವನ್ನು ಅಳೆದು ಅದಕ್ಕೆ ಇಷ್ಟು ತಲೆಗಳೆಂದು ಭಾಗಿಸುವ ಅಧಿಕಾರಿಯ ಲೆಕ್ಕದಲ್ಲಿ ಇದಕ್ಕೆ ಸ್ಥಾನವಿಲ್ಲ, ಏಕೆಂದರೆ ಶಿಲಾವಲ್ಕವು ಸಮೃದ್ಧವಾಗಿರುವ ನೆಲದಲ್ಲಿಯೂ ಹಿಮವು ಪ್ರತಿಕೂಲವಾದರೆ ಗುವೊಹ್ತುನ್ ಶೂನ್ಯವಾಗಬಹುದು. ಕೌಟೊಕೈನೊದ ಇಂಗೆರ್ ಮಾರಿಯೆ ಗೌಪ್ ಐರಾ ಎಂಬ ವಿದುಷಿಯು ಈ ಹಿಮಶಬ್ದಗಳನ್ನು ಕುರಿತು ತನ್ನ ಸಂಶೋಧನ ಪ್ರಬಂಧವನ್ನು 2012ರಲ್ಲಿ ಸಾಮಿ ಭಾಷೆಯಲ್ಲಿಯೇ ರಚಿಸಿರುವುದು ಈ ಕ್ಷೇತ್ರದ ಗಣ್ಯ ಕೃತಿಗಳಲ್ಲೊಂದು.

ಹಿಂಡಿನ ರಚನೆ: ಹಲವು ಕುಟುಂಬಗಳು ಕೂಡಿ ಹಿಂಡುಗಳನ್ನು ಒಟ್ಟಾಗಿ ಕಾಯುವ ಸಂಘಟನೆಗೆ ಸಿಯಿದಾ ಎಂದು ಹೆಸರು. ಪ್ರಾಣಿಗಳು ಒಬ್ಬೊಬ್ಬರ ಸ್ವಂತ ಸ್ವತ್ತು, ಕೆಲಸವು ಎಲ್ಲರದು. ಋತುವಿಗೂ ಮೇವಿಗೂ ತಕ್ಕಂತೆ ಸಿಯಿದಾ ಒಡೆದು ಚಿಕ್ಕದಾಗುವುದು, ಕೂಡಿ ದೊಡ್ಡದಾಗುವುದು. ಒಡೆತನದ ಗುರುತು ಕಿವಿಯ ಕಚ್ಚು: ಚಾಕುವಿನಿಂದ ಎರಡು ಕಿವಿಗಳ ಅಂಚಿನಲ್ಲಿ ಕೊಯ್ದ ಕಚ್ಚುಗಳ ಆಕಾರವೂ ಸ್ಥಾನವೂ ಸೇರಿ ಒಬ್ಬೊಬ್ಬ ಪಾಲಕನಿಗೆ ಪ್ರತ್ಯೇಕವಾದ ಚಿಹ್ನೆಯಾಗುವುವು. ಬೇಸಗೆಯಲ್ಲಿ ದೊಡ್ಡಿಗೆ ತುಂಬಿದ ಸಾವಿರಾರು ಪ್ರಾಣಿಗಳ ನಡುವೆ ಯಾವ ಮರಿ ಯಾರದೆಂದು ತಿಳಿಯುವ ಬಗೆಯೂ ಸ್ವಾರಸ್ಯವಾದುದು. ಸ್ವೀಡನ್ನಿನ ಕೆಲವೆಡೆ ಮರಿಯ ಕೊರಳಿಗೆ ಅಂಕೆಯ ಬಿಲ್ಲೆಯೊಂದನ್ನು ಕಟ್ಟಿ ಬಿಟ್ಟು, ಗದ್ದಲವಡಗಿದ ಬಳಿಕ ಅದು ಯಾವ ತಾಯಿಯ ಬೆನ್ನು ಹಿಡಿಯುವುದೆಂದು ನೋಡಿ ಬರೆದುಕೊಳ್ಳುವರು. ತಾಯಿಯ ಕಿವಿಯ ಗುರುತೇ ಮರಿಯ ಕಿವಿಗೂ ಬೀಳುವುದು.

ಸಾಮಿಗಳ ದೃಷ್ಟಿಯಲ್ಲಿ ಒಳ್ಳೆಯ ಹಿಂಡೆಂದರೆ ಬಹುವಿಧವಾದ ಹಿಂಡು. ಬಣ್ಣ, ಕೊಂಬು, ವಯಸ್ಸು, ಸ್ವಭಾವಗಳಲ್ಲಿ ಪ್ರಾಣಿಗಳು ಒಂದರಂತೆ ಒಂದಿರಬಾರದು. ಅದರಲ್ಲಿಯೂ ಬೀಜ ಒಡೆದ ದೊಡ್ಡ ಗಂಡುಗಳು ಗಣನೀಯ ಸಂಖ್ಯೆಯಲ್ಲಿ ಇರತಕ್ಕದ್ದು. ಹೊರಗಿನವರಿಗೆ ಇವು ಮರಿ ಹಾಕದ, ಮೇವನ್ನು ಮಾತ್ರ ತಿನ್ನುವ ನಿಷ್ಪ್ರಯೋಜಕ ಜೀವಗಳಾಗಿ ತೋರಿದುವು. ವಾಸ್ತವವಾಗಿ ಗಟ್ಟಿಯಾದ ಹಿಮದ ಹೊರಪದರವನ್ನು ತಮ್ಮ ಬಲವಾದ ಕಾಲುಗಳಿಂದ ಒಡೆದು ಹೆಣ್ಣುಗಳಿಗೂ ಮರಿಗಳಿಗೂ ಮೇವಿನ ಬಾಗಿಲನ್ನು ತೆರೆಯುವುವು ಇವೇ. ಬೆದೆಯ ಕಾಲದಲ್ಲಿ ಬೀಜದ ಗಂಡುಗಳು ಕಾದಾಡಿ ಸೊರಗುವಾಗ ಕೊಬ್ಬನ್ನು ಕಳೆದುಕೊಳ್ಳದೆ ಉಳಿಯುವುವೂ ಇವೇ. ಬಂಡಿ ಎಳೆಯುವುವು, ಹಿಂಡಿನ ಮುಂದೆ ಶಾಂತವಾಗಿ ನಡೆದು ಚದರುವ ಪ್ರಾಣಿಗಳನ್ನು ಒಟ್ಟಿಗೆ ಹಿಡಿದಿಡುವುವು ಸಹ ಇವೇ ಆಗಿವೆ. ಯಾವ ವರ್ಷ ಯಾವ ಆಪತ್ತು ಬರುವುದೆಂದು ಅರಿಯಲಾಗದ ನಾಡಿನಲ್ಲಿ ಬಹುವಿಧವಾದ ಹಿಂಡನ್ನು ಇಟ್ಟುಕೊಳ್ಳುವುದು ಆಪದ್ಧನವನ್ನು ಕೂಡಿಡುವ ವಿವೇಕವೇ ಹೊರತು ಅಲಂಕಾರವಲ್ಲ.

ಗಡಿಗಳು: ಪ್ರಭುತ್ವವು ಈ ವೃತ್ತಿಯನ್ನು ಆರಂಭದಲ್ಲಿ ನಡೆಸಿಕೊಂಡ ರೀತಿಯು ಅನಂತರದ ಕಾಲಕ್ಕೆ ಹೋಲಿಸಿದರೆ ಉದಾರವಾದುದೆಂದೇ ಹೇಳಬೇಕು. 1751ರಲ್ಲಿ ಡೆನ್ಮಾರ್ಕ್–ನಾರ್ವೆ ಮತ್ತು ಸ್ವೀಡನ್ ರಾಜ್ಯಗಳು ತಮ್ಮ ಸೀಮೆಯನ್ನು ಗೊತ್ತುಪಡಿಸಿಕೊಂಡಾಗ, ಸೀಮಾರೇಖೆಯು ವಲಸೆಯ ದಾರಿಗಳಿಗೆ ಅಡ್ಡವಾಗಿ ಬೀಳುವುದನ್ನು ಮನಗಂಡು, ಸಾಮಿಗಳು ತಮ್ಮ ಪೂರ್ವಾಚಾರದಂತೆ ವಸಂತ ಶರತ್ಕಾಲಗಳಲ್ಲಿ ಹಿಂಡಿನೊಡನೆ ಗಡಿಯನ್ನು ದಾಟಬಹುದೆಂದೂ, ಎರಡು ದೇಶಗಳಿಗೆ ಯುದ್ಧವೇ ನಡೆದರೂ ಈ ಹಕ್ಕಿಗೆ ಚ್ಯುತಿಯಿಲ್ಲವೆಂದೂ ಒಪ್ಪಂದಕ್ಕೆ ಒಂದು ಅನುಬಂಧವನ್ನು ಸೇರಿಸಿದುವು. ಒಂದು ಶತಮಾನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಫಿನ್ಲೆಂಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದಾಗ, 1852ರಲ್ಲಿ ನಾರ್ವೆ–ಫಿನ್ಲೆಂಡ್ ಗಡಿಯು ಸಾರಂಗಗಳಿಗೆ ಮುಚ್ಚಿತು; 1889ರಲ್ಲಿ ಸ್ವೀಡನ್–ಫಿನ್ಲೆಂಡ್ ಗಡಿಯೂ ಮುಚ್ಚಿತು. ಫಿನ್ಲೆಂಡಿನ ಕಾಡುಗಳ ಚಳಿಗಾಲದ ಮೇವನ್ನು ನಂಬಿದ್ದ ಕುಟುಂಬಗಳು ದಿಕ್ಕುಗಾಣದೆ ಹೊಸ ನೆಲವನ್ನು ಅರಸಬೇಕಾಯಿತು.

1905ರಲ್ಲಿ ನಾರ್ವೆಯು ಸ್ವೀಡನ್ನಿನಿಂದ ಬೇರ್ಪಟ್ಟ ಬಳಿಕ, ಅವುಗಳ ನಡುವೆ 1919ರಲ್ಲಿ ಏರ್ಪಟ್ಟ ಮೇವಿನ ಒಡಂಬಡಿಕೆಯು ನಾರ್ವೆಯ ಕರಾವಳಿಗೆ ಬರತಕ್ಕ ಸ್ವೀಡಿಷ್ ಸಾರಂಗಗಳ ಸಂಖ್ಯೆಯನ್ನು ಬಹುವಾಗಿ ಕಡಿತಗೊಳಿಸಿತು. ಉತ್ತರದ ಕರೆಸುವಾಂಡೊ ಪ್ರಾಂತದ ಅನೇಕ ಕುಟುಂಬಗಳನ್ನು ಅಧಿಕಾರಿಗಳು ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಸಾಗಿಸಿದರು. ಹೀಗೆ ಹೋದವರು ದೊಡ್ಡ ಹಿಂಡುಗಳನ್ನು ವಿಸ್ತಾರವಾಗಿ ಮೇಯಲು ಬಿಡುವ ಪದ್ಧತಿಯವರು. ಅಲ್ಲಿ ಮೊದಲೇ ಇದ್ದ ಸಾಮಿಗಳಾದರೋ ಚಿಕ್ಕ ಹಿಂಡುಗಳನ್ನು ಹತ್ತಿರ ಕಾಯ್ದು, ಹಾಲು ಕರೆದು ಬಾಳುತ್ತಿದ್ದವರು. ಎರಡು ಪದ್ಧತಿಗಳು ಒಂದೇ ನೆಲದ ಮೇಲೆ ಬಿದ್ದು, ಒಂದೇ ಜನಾಂಗದ ಎರಡು ಕವಲುಗಳ ನಡುವೆ ತಲೆಮಾರುಗಳ ಕಾಲ ಮಾಸದ ಮನಸ್ತಾಪ ಉಂಟಾಯಿತು. ಆ ಜನರ ನೆನಪುಗಳನ್ನು ಸಂಗ್ರಹಿಸಿ ಎಲಿನ್ ಆನ್ನಾ ಲಬ್ಬಾ ಬರೆದ ಗ್ರಂಥಕ್ಕೆ 2020ರಲ್ಲಿ ಸ್ವೀಡನ್ನಿನ ಆಗಸ್ಟ್ ಪ್ರಶಸ್ತಿ ದೊರೆಯಿತು.

ಸ್ವೀಡನ್ನಿನ ನೀತಿ: 1886ರ ಶಾಸನವು ಮೇವಿನ ಹಕ್ಕನ್ನು ವ್ಯಕ್ತಿಗಳಿಂದ ತೆಗೆದು ಗ್ರಾಮರೂಪದ ಸಮುದಾಯಗಳಿಗೆ ಸೇರಿಸಿ, ಅವುಗಳ ಮೇಲ್ವಿಚಾರಣೆಯನ್ನು ಸರ್ಕಾರಿ ಅಮಲ್ದಾರರ ಕೈಗೆ ಕೊಟ್ಟಿತು. ಸಾಮಿಯು ಸಾರಂಗ ಕಾಯುವವನಾಗಿಯೇ ಉಳಿಯಬೇಕು, ನಾಗರಿಕತೆಯ ಸೋಂಕಿನಿಂದ ಅವನು ಕೆಡುವನು ಎಂಬ ವಿಚಿತ್ರ ತತ್ತ್ವವು ಆ ಕಾಲದ ಆಡಳಿತಗಾರರಲ್ಲಿ ಪ್ರಬಲವಾಗಿದ್ದುದರಿಂದ, 1913ರಿಂದ ಅಲೆಮಾರಿ ಮಕ್ಕಳಿಗಾಗಿ ಗುಡಾರಗಳಲ್ಲಿ ನಡೆಯುವ, ಇತರ ಶಾಲೆಗಳಿಗಿಂತ ಬೇಕೆಂದೇ ಕೆಳಮಟ್ಟದಲ್ಲಿರಿಸಿದ ಪ್ರತ್ಯೇಕ ಶಾಲೆಗಳು ಹುಟ್ಟಿದುವು. 1928ರ ಶಾಸನವು ಪಾಲಕರಲ್ಲದ ಸಾಮಿಗಳನ್ನು ನೆಲದ ಹಕ್ಕಿನಿಂದಲೇ ಹೊರಗಿರಿಸಿತು. ಪಾಲಕನಲ್ಲದವನನ್ನು ಮದುವೆಯಾದ ಹೆಂಗಸಿಗೂ ಅದೇ ಗತಿಯಾಯಿತು. ರಕ್ಷಣೆಯ ಹೆಸರಿನಲ್ಲಿ ಒಂದು ಜನಾಂಗವನ್ನು ಎರಡಾಗಿ ಸೀಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕುವುದು ಕಷ್ಟ.

ಇದೇ ಕಾಲದ ಆರಂಭದಲ್ಲಿ, 1910ರಲ್ಲಿ, ತೋಳಬೇಟೆಗಾರನೂ ಪಾಲಕನೂ ಆಗಿದ್ದ ಯೂಹಾನ್ ತೂರಿ ಎಂಬಾತನು ಡೆನ್ಮಾರ್ಕಿನ ಎಮಿಲಿಯೆ ಡೆಮಾಂಟ್ ಎಂಬ ಕಲಾವಿದೆಯ ನೆರವಿನಿಂದ ತನ್ನ ಜನರ ಜೀವನವನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದನು. ಸಾಮಿ ಭಾಷೆಯ ಪ್ರಥಮ ಲೌಕಿಕ ಗ್ರಂಥವೆಂದು ಅದಕ್ಕೆ ಪ್ರಸಿದ್ಧಿ. ಸರ್ಕಾರಕ್ಕೆ ಸಾಮಿಗಳ ಮೇಲೆ ದ್ವೇಷವಿದೆಯೆಂದು ಅವನು ಆರೋಪಿಸುವುದಿಲ್ಲ. ಸಹಾಯಮಾಡುವ ಮನಸ್ಸು ಅದಕ್ಕೆ ಉಂಟು, ಆದರೆ ತಮ್ಮ ಬಾಳಿನ ಸ್ಥಿತಿಗತಿಯನ್ನು ಸರಿಯಾಗಿ ವಿವರಿಸಿ ಹೇಳಬಲ್ಲ ಸಾಮಿ ಯಾವನೂ ಇಲ್ಲದ್ದರಿಂದ ಅದಕ್ಕೆ ವಿಷಯ ತಿಳಿಯುವುದಿಲ್ಲ ಎಂಬುದು ಅವನ ತಾತ್ಪರ್ಯ. ನಾಲ್ಕು ಗೋಡೆಗಳ ಕೋಣೆಯೊಳಗೆ ಕುಳಿತಾಗ ಸಾಮಿಯ ಬುದ್ಧಿ ಓಡುವುದಿಲ್ಲವೆಂದೂ ಅವನು ಸೇರಿಸುತ್ತಾನೆ. ಅನಂತರದ ಒಂದು ಶತಮಾನದ ಸಮಾಲೋಚನೆಗಳೆಲ್ಲವೂ ನಡೆದುದು ಅಂಥ ಕೋಣೆಗಳಲ್ಲಿಯೇ ಎಂಬುದನ್ನು ನೆನೆದರೆ ಈ ಮಾತಿನಲ್ಲಿ ವಿನೋದಕ್ಕಿಂತ ಹೆಚ್ಚಿನದು ಕಾಣುವುದು.

ಫಿನ್ಲೆಂಡಿನಲ್ಲಿ ಸಾರಂಗ ಪಾಲನೆಯು ಸಾಮಿಗಳಿಗೇ ಮೀಸಲಾದ ವೃತ್ತಿಯಲ್ಲ. 1898ರಿಂದ ಕಡ್ಡಾಯವಾದ ಪಾಲಿಸ್ಕುಂತ ಎಂಬ ಪಾಲಕ ಸಂಘಗಳಲ್ಲಿ ಫಿನ್ನಿಷ್ ರೈತರೂ ಸದಸ್ಯರು.

ನಾರ್ವೆಯ ನೀತಿ: ಎರಡನೆಯ ಮಹಾಯುದ್ಧದ ತರುವಾಯ ನಾರ್ವೆಯ ಪಾಲಕರು 1948ರಲ್ಲಿ ತಮ್ಮ ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು; 1976ರಲ್ಲಿ ಈ ಸಂಘಕ್ಕೂ ಸರ್ಕಾರಕ್ಕೂ ಮುಖ್ಯ ಒಪ್ಪಂದವೊಂದು ಏರ್ಪಟ್ಟು, ವೃತ್ತಿಗೆ ಸಹಾಯಧನವು ಹರಿಯತೊಡಗಿತು. 1978ರ ಶಾಸನವು ಪರವಾನಗಿ ಪಡೆದ ಪ್ರತ್ಯೇಕ ಘಟಕಗಳನ್ನು ವೃತ್ತಿಯ ಆಧಾರವಾಗಿ ಮಾಡಿತು. ಸಿಯಿದಾ ಕಾನೂನಿನ ಕಣ್ಣಿಗೆ ಇಲ್ಲವಾಯಿತು. ಅಧಿಕಾರಿಗಳಿಗೂ ಪಶುವಿಜ್ಞಾನಿಗಳಿಗೂ ಆಗ ಆದರ್ಶವಾಗಿದ್ದುದು, ಹೆಚ್ಚು ಹೆಣ್ಣುಗಳನ್ನು ಇಟ್ಟು, ಹುಟ್ಟಿದ ಮರಿಗಳನ್ನು ಮೊದಲ ಶರತ್ಕಾಲದಲ್ಲಿಯೇ ಕಡಿದು ಮಾರುವ ಪದ್ಧತಿ. ಇದರ ಹಿಂದಣ ಗಣಿತವು ನಿರ್ದುಷ್ಟವಾಗಿತ್ತು. ಮರಿಯು ಮೊದಲ ಬೇಸಗೆಯಲ್ಲಿ ಶೀಘ್ರವಾಗಿ ಬೆಳೆದು, ಚಳಿಗಾಲದಲ್ಲಿ ತೂಕ ಹೆಚ್ಚದೆ ವಿರಳವಾದ ಶಿಲಾವಲ್ಕವನ್ನು ತಿನ್ನುವುದು. ಆದುದರಿಂದ ಚಳಿಗಾಲಕ್ಕೆ ಮುನ್ನವೇ ಅದನ್ನು ಮಾಂಸವಾಗಿಸಿದರೆ ಅದೇ ಮೇವಿಗೆ ಅತ್ಯಧಿಕ ಉತ್ಪತ್ತಿ. ದಕ್ಷಿಣದ ರೋರೊಸ್ ಪ್ರದೇಶದಲ್ಲಿ ಈ ಪದ್ಧತಿಯು ಸಫಲವಾಗಿ, ಮರಿಗಳ ತೂಕವೂ ಪಾಲಕರ ವರಮಾನವೂ ಏರಿದುವೆಂಬುದನ್ನು ಅಲ್ಲಗಳೆಯಲಾಗದು. ಆದರೆ ರೋರೊಸ್‌ನ ಹವಾಮಾನವನ್ನೂ ಮೇವುನೆಲವನ್ನೂ ಫಿನ್ಮಾರ್ಕಿಗೆ ಒಯ್ಯಲಾಗುವುದಿಲ್ಲ. ಅಲ್ಲಿ ಬೀಜ ಒಡೆದ ಗಂಡುಗಳು ಹಿಂಡಿನಿಂದ ಹೆಚ್ಚುಕಡಮೆ ಕಣ್ಮರೆಯಾದುವು, ಜಾರುಬಂಡಿಯ ಕೆಲಸವನ್ನು 1960ರ ದಶಕದಿಂದ ಹಿಮವಾಹನವು ವಹಿಸಿಕೊಂಡುದೂ ಇದಕ್ಕೆ ಕಾರಣವಾಯಿತು. ಮಂಜುಗಡ್ಡೆಯನ್ನು ಒಡೆಯುವವರಿಲ್ಲದ ಹಿಂಡಿಗೆ ಕೆಟ್ಟ ಚಳಿಗಾಲದಲ್ಲಿ ಕಾರ್ಖಾನೆಯ ಮೇವನ್ನು ಹೊತ್ತು ಹಾಕುವ ಖರ್ಚು ಬಂದೊದಗಿತು. ಸಾಮಿ ಭಾಷಾವಿದ್ವಾಂಸನೂ 1989ರಲ್ಲಿ ಪ್ರಾರಂಭವಾದ ನಾರ್ವೆಯ ಸಾಮಿ ಸಂಸತ್ತಿನ ಪ್ರಥಮ ಅಧ್ಯಕ್ಷನೂ ಆದ ಊಲೆ ಹೆನ್ರಿಕ್ ಮಾಗ್ಗಾ ಮತ್ತು ಅವನ ಸಂಗಡಿಗರು ಸುಂದರ ಹಿಂಡೆಂಬ ಪಾರಂಪರಿಕ ಕಲ್ಪನೆಯನ್ನು ವಿವರಿಸಿ ಬರೆದುದು ಈ ಏಕರೂಪತೆಗೆ ಉತ್ತರವಾಗಿ.

ಸರ್ಕಾರದ ಪಕ್ಷದಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. 1980ರ ದಶಕದಲ್ಲಿ ಫಿನ್ಮಾರ್ಕಿನ ಸಾರಂಗಗಳ ಸಂಖ್ಯೆಯು ವೇಗವಾಗಿ ಏರಿ, ಚಳಿಗಾಲದ ನೆಲದ ಶಿಲಾವಲ್ಕವು ತೀವ್ರವಾಗಿ ಕ್ಷಯಿಸಿದುದನ್ನು ಉಪಗ್ರಹಚಿತ್ರಗಳು ತೋರಿಸಿದುವು. ತೆಳ್ಳಗಾದ ಪ್ರಾಣಿಗಳನ್ನು ಕಂಡು ಪಾಲಕರೂ ಚಿಂತಿಸಿದರು. ಅಮೆರಿಕದ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಮಂಡಿಸಿದ, ಎಲ್ಲರ ಗೋಮಾಳವು ಯಾರ ಹೊಣೆಯೂ ಅಲ್ಲದ್ದರಿಂದ ಹಾಳಾಗಿಯೇ ತೀರುವುದೆಂಬ ವಾದಕ್ಕೆ ಆಡಳಿತವು ಇಲ್ಲಿ ಕಣ್ಣೆದುರಿನ ಸಾಕ್ಷಿಯನ್ನು ಕಂಡಿತು. ಆದರೆ ಫಿನ್ಮಾರ್ಕಿನ ನೆಲವು ಎಂದೂ ಯಾರ ಹೊಣೆಯೂ ಅಲ್ಲದ ನೆಲವಾಗಿರಲಿಲ್ಲ. ಯಾವ ಸಿಯಿದಾ ಎಲ್ಲಿ, ಯಾವಾಗ, ಎಷ್ಟು ದಿನ ಮೇಯಿಸತಕ್ಕದ್ದೆಂಬ ಕಟ್ಟುಕಟ್ಟಳೆಗಳು ಅಲ್ಲಿ ಇದ್ದುವು. ಅವನ್ನು ಪಾಲಿಸುವ ಸಂಸ್ಥೆಯನ್ನೇ 1978ರ ಶಾಸನವು ಬದಿಗೊತ್ತಿ, ಜೊತೆಗೆ ಸಹಾಯಧನದಿಂದ ಹೊಸ ಘಟಕಗಳಿಗೆ ಪ್ರೋತ್ಸಾಹವನ್ನೂ ಕೊಟ್ಟಿತು. ಗೋಮಾಳ ಕೆಟ್ಟುದಕ್ಕೆ ಕಟ್ಟಳೆಯ ಅಭಾವವೇ ಕಾರಣವಾದರೆ, ಆ ಅಭಾವಕ್ಕೆ ಶಾಸನವೂ ಹೊಣೆಯೇ.

2007ರ ಹೊಸ ಶಾಸನವು ಸಿಯಿದಾವನ್ನು ಮರಳಿ ಅಂಗೀಕರಿಸಿ, ಮೇವಿನ ನಿಯಮಗಳನ್ನೂ ಹಿಂಡಿನ ಗರಿಷ್ಠ ಸಂಖ್ಯೆಯನ್ನೂ ಪಾಲಕರೇ ಗೊತ್ತುಪಡಿಸಿ ಅಧಿಕಾರಿಗಳ ಒಪ್ಪಿಗೆಯನ್ನು ಪಡೆಯಬೇಕೆಂದು ವಿಧಿಸಿತು. ಸಂಖ್ಯೆಯನ್ನು ಇಳಿಸಬೇಕಾದಲ್ಲಿ, ಸಿಯಿದಾದೊಳಗೆ ಒಮ್ಮತ ಬಾರದಿದ್ದರೆ, ಪ್ರತಿಯೊಬ್ಬನೂ ತನ್ನ ಪ್ರಮಾಣಕ್ಕೆ ತಕ್ಕಂತೆ ಇಳಿಸತಕ್ಕದ್ದು. ನೋಟಕ್ಕೆ ನ್ಯಾಯವೆನಿಸುವ ಈ ವಿಧಿಯಲ್ಲಿ ದೊಡ್ಡ ಹಿಂಡಿನವನಿಗೂ ಚಿಕ್ಕ ಹಿಂಡಿನವನಿಗೂ ಒಂದೇ ಪ್ರಮಾಣ. ದೊಡ್ಡವನಿಗೆ ಅದು ನಷ್ಟ, ಆಗತಾನೆ ವೃತ್ತಿಗಿಳಿದ ತರುಣನಿಗೆ ಸರ್ವನಾಶ. 116 ಸಾರಂಗಗಳಿದ್ದ ಅಂಥ ಒಬ್ಬ ತರುಣ ಪಾಲಕನು 75ಕ್ಕೆ ಇಳಿಯಬೇಕೆಂಬ ಆಜ್ಞೆಯನ್ನು ಪ್ರಶ್ನಿಸಿ, ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಗೆದ್ದು, 2017ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತನು. ಅವನ ಅಕ್ಕ, ಕಲಾವಿದೆ ಮಾರೆತ್ ಆನ್ನೆ ಸಾರಾ, ಗುಂಡಿನ ತೂತಿರುವ 400 ಸಾರಂಗತಲೆಬುರುಡೆಗಳನ್ನು ತೆರೆಯಂತೆ ಪೋಣಿಸಿ ಓಸ್ಲೋದ ಸಂಸತ್ಭವನದ ಮುಂದೆ ತೂಗುಹಾಕಿದಳು. ಈಗ ಅದು ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸ್ವತ್ತು.

ಇತರ ಆಪತ್ತುಗಳು: 1986ರ ಚೆರ್ನೋಬಿಲ್ ಅವಘಡದ ವಿಕಿರಣಧೂಳು ಮಳೆಯೊಡನೆ ಸ್ವೀಡನ್, ನಾರ್ವೆಗಳ ಮೇಲೆ ಬಿದ್ದಾಗ, ಬೇರಿಲ್ಲದೆ ಗಾಳಿಯಿಂದಲೇ ಆಹಾರವನ್ನು ಹೀರುವ ಶಿಲಾವಲ್ಕವು ಸೀಸಿಯಮನ್ನು ಯಥೇಷ್ಟವಾಗಿ ಸಂಗ್ರಹಿಸಿಕೊಂಡಿತು. ಸಾವಿರಾರು ಸಾರಂಗಗಳ ಮಾಂಸ ತಿನ್ನಲಾಗದಂತಾಯಿತು. ಕಿಲೋಗ್ರಾಮಿಗೆ 300 ಬೆಕೆರೆಲ್ ಇದ್ದ ಮಿತಿಯನ್ನು ಸ್ವೀಡನ್ 1987ರಲ್ಲಿ 1,500ಕ್ಕೆ ಏರಿಸಿತು. ನಾರ್ವೆಯು ಅದಕ್ಕೂ ಮುಂಚೆಯೇ 6,000ಕ್ಕೆ ಏರಿಸಿಕೊಂಡಿತ್ತು. ಇಷ್ಟರಮೇಲೆ ಚಳಿಗಾಲದ ಮಳೆ ಹೆಚ್ಚುತ್ತಿರುವುದು ಎಲ್ಲೆಡೆ ಕಂಡುಬರುತ್ತಿದೆ. ಸೈಬೀರಿಯದ ಯಮಾಲ್ ಪರ್ಯಾಯದ್ವೀಪದಲ್ಲಿ 2013ರ ನವೆಂಬರಿನಲ್ಲಿ ಹಿಮದ ಮೇಲೆ ಮಳೆ ಸುರಿದು ಹೆಪ್ಪುಗಟ್ಟಿದುದರಿಂದ, ಆ ಚಳಿಗಾಲದಲ್ಲಿ ಸುಮಾರು 61,000 ಸಾರಂಗಗಳು ಉಪವಾಸದಿಂದ ಸತ್ತುವು. 2016ರಲ್ಲಿ ಅಲ್ಲಿಯೇ ನೆರಡಿರೋಗವು ಮರುಕಳಿಸಿ 2,000ಕ್ಕೂ ಹೆಚ್ಚು ಪ್ರಾಣಿಗಳೂ ಒಬ್ಬ ಬಾಲಕನೂ ಬಲಿಯಾದರು. ಚುಚ್ಚುಮದ್ದಿನ ಕಾರ್ಯವನ್ನು ಅಧಿಕಾರಿಗಳು 2007ರಲ್ಲಿಯೇ ನಿಲ್ಲಿಸಿದ್ದರು.

ಕಾಡು, ನದಿ, ಗಾಳಿ: ಶಿಲಾವಲ್ಕದ ನೆಲವನ್ನು ತಿನ್ನುವುದು ಸಾರಂಗಗಳು ಮಾತ್ರವೇ ಅಲ್ಲ. ಸ್ವೀಡನ್ನಿನಲ್ಲಿ ನೆಲದ ಶಿಲಾವಲ್ಕ ಸಮೃದ್ಧವಾಗಿದ್ದ ಕಾಡುಗಳ ವಿಸ್ತೀರ್ಣವು ಸುಮಾರು 60 ವರ್ಷಗಳಲ್ಲಿ ಶೇಕಡ 71ರಷ್ಟು ಕುಗ್ಗಿರುವುದಾಗಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ಮರಮುಟ್ಟಿನ ಉದ್ಯಮದ ಪದ್ಧತಿಗಳಿಗೆ ಇದರಲ್ಲಿ ದೊಡ್ಡ ಪಾಲು ಉಂಟು. ಮಂಜುಗಡ್ಡೆಯ ವರ್ಷಗಳಲ್ಲಿ ಹಳೆಯ ಮರಗಳ ಕೊಂಬೆಗಳಿಂದ ಜಡೆಯಂತೆ ಇಳಿಬಿದ್ದ ಶಿಲಾವಲ್ಕವೇ ಹಿಂಡಿಗೆ ಗತಿಯಾಗಿತ್ತು. ಹಳೆಯ ಮರಗಳೇ ಇಲ್ಲದ ನೆಡುತೋಪಿನಲ್ಲಿ ಆ ಗತಿಯೂ ಇಲ್ಲ. ನಾರ್ವೆಯಲ್ಲಿ ಆಲ್ಟಾ ನದಿಗೆ ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿ 1979ರಿಂದ 1981ರವರೆಗೆ ನಡೆದ ಚಳವಳಿಯು ಅಣೆಕಟ್ಟನ್ನು ತಡೆಯಲಾರದೆ ಹೋದರೂ, ಸಾಮಿ ಸಂಸತ್ತಿನ ಸ್ಥಾಪನೆಗೆ ದಾರಿಯಾಯಿತು. ಮೂಲನಿವಾಸಿಗಳ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೆಯ ಒಡಂಬಡಿಕೆಯನ್ನು 1990ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶವೂ ನಾರ್ವೆಯೇ.

ಇತ್ತೀಚಿನ ವರ್ಷಗಳಲ್ಲಿ ಪಾಲಕರ ಅರಿವಿಗೆ ಮನ್ನಣೆ ದೊರೆಯುತ್ತಿರುವುದು ಶಾಸನಸಭೆಗಳಿಗಿಂತ ಹೆಚ್ಚಾಗಿ ನ್ಯಾಯಾಲಯಗಳಲ್ಲಿ. ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ, ಗಿರ್ಯಾಸ್ ಎಂಬ ಸಾಮಿ ಸಮುದಾಯಕ್ಕೆ ತನ್ನ ಪರ್ವತಪ್ರದೇಶದಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿ ಕೊಡುವ ಅಧಿಕಾರವು ಅನಾದಿಕಾಲದ ಅನುಭೋಗದಿಂದ ಪ್ರಾಪ್ತವಾಗಿದೆಯೆಂದು ತೀರ್ಪಿತ್ತಿತು. ಮರುವರ್ಷ ಅಕ್ಟೋಬರಿನಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯವು, ಫೋಸೆನ್ ಪರ್ಯಾಯದ್ವೀಪದ ಚಳಿಗಾಲದ ಮೇವುನೆಲದಲ್ಲಿ ಸ್ಥಾಪಿಸಿದ 151 ಗಾಳಿಯಂತ್ರಗಳಿಗೆ ಕೊಟ್ಟ ಅನುಮತಿಯು ಸಾಮಿಗಳ ಸಾಂಸ್ಕೃತಿಕ ಹಕ್ಕನ್ನು ಉಲ್ಲಂಘಿಸುವುದರಿಂದ ಅಸಿಂಧುವೆಂದು ಸಾರಿತು. ಸಾರಂಗಗಳು ತಿರುಗುವ ಯಂತ್ರಗಳ ಸುತ್ತಣ ನೆಲಕ್ಕೆ ಕಾಲಿಡಲು ಹೆದರುವುವೆಂಬ ಪಾಲಕರ ಹೇಳಿಕೆಯನ್ನು ನ್ಯಾಯಮೂರ್ತಿಗಳು ನಂಬಲರ್ಹವೆಂದು ಎಣಿಸಿದರು. ತೀರ್ಪಿನ ತರುವಾಯವೂ ಯಂತ್ರಗಳು ನಿಲ್ಲಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಮಿ ತರುಣತರುಣಿಯರು ಓಸ್ಲೋದಲ್ಲಿ ಸಚಿವಾಲಯಗಳ ಬಾಗಿಲುಗಳಿಗೆ ಅಡ್ಡ ಕುಳಿತು ಸತ್ಯಾಗ್ರಹ ಮಾಡಿದ ಮೇಲೆ ಸಂಧಾನವು ನಡೆದು, ಆ ವರ್ಷದ ಡಿಸೆಂಬರಿನಲ್ಲಿ ದಕ್ಷಿಣದ ಸಿಯಿದಾದೊಡನೆಯೂ 2024ರ ಮಾರ್ಚಿನಲ್ಲಿ ಉತ್ತರದ ಸಿಯಿದಾದೊಡನೆಯೂ ಒಪ್ಪಂದಗಳಾದುವು. ಯಂತ್ರಗಳು ಈಗಿನ ಪರವಾನಗಿಯ ಅವಧಿ ಮುಗಿಯುವವರೆಗೆ ಇರತಕ್ಕುವು. ಪಾಲಕರಿಗೆ ಪರಿಹಾರಧನವೂ ಬೇರೆ ಚಳಿಗಾಲದ ಮೇವುನೆಲವೂ ದೊರೆಯಬೇಕು. ಅವಧಿಯ ಅನಂತರ ಪರವಾನಗಿಯನ್ನು ಮುಂದುವರಿಸುವುದಕ್ಕೆ ಸಿಯಿದಾದ ಸಮ್ಮತಿ ಬೇಕು.